ಹುಳಿ ಸೇರದ ಹಿಟ್ಟು

ಬಟ್ಟೆ ಅಲುಗಿತು — ಇಲ್ಲ, ಗಾಳಿ, ಆದರೆ ಕಿಟಕಿ ಮುಚ್ಚಿದೆ, ಹಿಟ್ಟು ನಾದುವ ಮರಿಗೆಗೆ ಹೊದಿಸಿದ ಬಿಳಿಯ ಬಟ್ಟೆಯ ಕೆಳಗೆ ಹಿಟ್ಟು ಉಸಿರೆಳೆಯುತ್ತಿದೆಯೇ, ನೀರು ಬಿದ್ದ ಗಳಿಗೆಯಿಂದ ಊರ ಚಿಲುಮೆಗೆ ಹೋಗಿ ಬರುವಷ್ಟು ಹೊತ್ತು, ಅಷ್ಟರೊಳಗೆ ಬೇಯಿಸಬೇಕು, ಆಮೇಲೆ ಕೈಬಿಟ್ಟ ಹಿಟ್ಟು ತಾನಾಗಿ ಹುಳಿಯುತ್ತದೆ ಎಂದಿದ್ದಳು ಅಮ್ಮ, ಇದೇ ಹೊತ್ತಿಗೆ ಪಕ್ಕದ ಮನೆಯ ಯೂಫ್ರಾಸಿಯ ಬಂದು ಮುಕ್ಕಾಲಿಯ ಮೇಲೆ ಕುಳಿತಿದ್ದಾಳೆ, ಏಳುವ ಲಕ್ಷಣವಿಲ್ಲ. ಏನೇ ಬ್ರಿಯೋಲಾಂಜ, ಹಾಡುಹಗಲಲ್ಲಿ ಬಾಗ್ಲು ಹಾಕ್ಕೊಂಡಿದೀಯ, ಗಂಡನ್ನ ಬಚ್ಚಿಟ್ಟಿದೀಯೇನು? ಅವ್ರು ಕುರಿ ಹೊಡ್ಕೊಂಡು ಗುಡ್ಡಕ್ಕೆ ಹೋದ್ರಕ್ಕ, ಗಾಳಿಗೆ ಒಲೆ ಆರುತ್ತೆ ಅಂತ ಹಾಕ್ದೆ — ನಗುತ್ತೇನೆ, ನಗು ಹಲ್ಲಿಗೆ ಅಂಟಿಕೊಳ್ಳುತ್ತದೆ, ಯೆಹೂದ್ಯನಾಗಿದ್ದ ಅಜ್ಜನ ತಲೆಯ ಮೇಲೆ ಬಲವಂತದಿಂದ ನೀರು ಸುರಿದು ಕ್ರೈಸ್ತನೆಂದರು, ಅಂದಿನಿಂದ ಈ ಬೆಟ್ಟದೂರಿನಲ್ಲಿ ಭಾನುವಾರ ಮೊಣಕಾಲೂರುತ್ತೇವೆ, ಬಾಗಿಲು ಮುಚ್ಚಿದ ಮೇಲೆ ಮೋಶೆಯ ಧರ್ಮ, ಐಗುಪ್ತದಲ್ಲಿ ದಾಸರಾಗಿದ್ದ ನಮ್ಮ ಪಿತೃಗಳು ಬಾಗಿಲವಾಡಗಳಿಗೆ ಕುರಿಮರಿಯ ರಕ್ತ ಹಚ್ಚಿದ್ದರು, ಸಂಹಾರಕ ದೂತನು ಗುರುತು ಕಂಡು ದಾಟಿಹೋದನು, ಆ ದಾಟುವಿಕೆಯೇ ಪಸ್ಕ, ಹಿಟ್ಟು ಹುಳಿಯುವಷ್ಟೂ ವ್ಯವಧಾನವಿಲ್ಲದೆ ದಾಸ್ಯ ಬಿಟ್ಟು ಹೊರಟವರ ರೊಟ್ಟಿ ಇದು, ಪಾದ್ರಿಯ ಬಾಯಲ್ಲಿಯೂ ಅದೇ ಪಸ್ಕ, ಅದೇ ಕುರಿಮರಿ, ಅವರ ಕುರಿಮರಿ ಶಿಲುಬೆಯ ಮೇಲಿದೆ, ಅವರು ಪೂಜೆಯಲ್ಲಿ ನಾಲಗೆಯ ಮೇಲಿಡುವ ರೊಟ್ಟಿಬಿಲ್ಲೆಗೂ ಹುಳಿಯಿಲ್ಲ, ಅದೇ ಗೋಧಿ, ಅದೇ ನೀರು, ಅಲ್ಲಿ ಮೋಕ್ಷ, ನನ್ನ ಮರಿಗೆಯಲ್ಲಿ ಸಿಕ್ಕರೆ ಚಿತೆ — ಅಂದು ಗುರುತಿದ್ದ ಮನೆ ಉಳಿಯಿತು, ಇಂದು ಗುರುತು ಸಿಕ್ಕ ಮನೆ ಉರಿಯುತ್ತದೆ, ಗ್ರಾಸಿಯ ಚಿಕ್ಕಮ್ಮ ನಮ್ಮ ಸಬ್ಬತ್ ದಿನವಾದ ಶನಿವಾರದಂದು ಒಗೆದ ಅಂಗಿ ತೊಟ್ಟಳೆಂದು ಯಾರೋ ಹೇಳಿದರು, ಧರ್ಮವಿಚಾರಣೆಯವರು ಒಯ್ದರು, ಒಂದು ಅಂಗಿ, ಅಷ್ಟೇ — ಬಟ್ಟೆ ಮತ್ತೆ ಅಲುಗಿತು.

ನಾಲ್ಕು ದಿನ ಆಯ್ತಲ್ಲೇ, ಹುಳಿಹಿಟ್ಟು ಕೇಳೋಕೆ ಬಂದೇ ಇಲ್ಲ ನೀನು? ಪಸ್ಕಕ್ಕೆಂದು ನಾನು ಮನೆಯ ಹುಳಿಯನ್ನೆಲ್ಲ ಹುಡುಕಿ ಸುಟ್ಟೆ, ಮೂಲೆ ಗುಡಿಸಿದೆ, ಮರಿಗೆಯ ಬಿರುಕನ್ನೂ ಕೆರೆದೆ, ಆದರೆ ವಾರಕ್ಕೆರಡು ಸಲ ಅವಳ ಬಾಗಿಲಲ್ಲಿ ಬಟ್ಟಲು ಹಿಡಿದು ನಿಲ್ಲುವವಳು ಈ ವಾರವೂ ನಿಲ್ಲಬೇಕಿತ್ತು, ಬೇಡದ್ದನ್ನೂ ಬೇಡಿ ತರಬೇಕಿತ್ತು, ಇಷ್ಟು ಹೊಳೆಯಲಿಲ್ಲವಲ್ಲ — ಮರೆತೆ ಕಣಕ್ಕ. ಮರೀತೀಯ, ಮರೀತೀಯ, ಹುಳಿ ಹಾಕದ ರೊಟ್ಟಿ ತಿಂದ್ರೆ ನಿನ್ ಗಂಡ ಲೋಪೋನ ಹಲ್ಲು ಉದುರುತ್ತೆ, ಆಮೇಲೆ ನೀನೇ ಅಗಿದು ಕೊಡ್ಬೇಕು ನೋಡು, ಎಂದು ನಗುತ್ತ ಏಳುತ್ತಾಳೆ, ಸೆರಗಿನಿಂದ ಹುಳಿಯ ಉಂಡೆ ತೆಗೆಯುತ್ತಾಳೆ, ಬೇಡಕ್ಕಾ ಎನ್ನಲೇ, ಎಂದರೆ ಏಕೆ ಬೇಡ ಎಂದು ಕೇಳುವಳು, ಬಟ್ಟೆ ಸರಿಸಿದಳು, ಬಾಗಿ ಮೂಸಿದಳು, ಮೂಗಿಗೆ ಹುಳಿ ಹತ್ತಲಿಲ್ಲ, ನಗು ನಿಂತಿತು. ನನ್ನನ್ನು ನೋಡಲಿಲ್ಲ. ಉಂಡೆಯನ್ನು ಮುರಿದು ಹಿಟ್ಟಿಗೆ ಹಾಕಿ ಮೊಣಕೈವರೆಗೆ ಕೈ ಹುದುಗಿಸಿ ನಾದಿದಳು, ನನ್ನ ಪಿತೃಗಳ ರೊಟ್ಟಿ ಅವಳ ಬೆರಳ ಸಂದಿಯಲ್ಲಿ ಹಿಚುಕಿಹೋಯಿತು, ಆಮೇಲೆ ಅಂಗೈಯ ಅಂಚಿನಿಂದ ಹಿಟ್ಟಿನ ಮೇಲೆ ಶಿಲುಬೆ ಕೊರೆದು, ಎಲ್ಲ ಮನೆಗಳಲ್ಲಿ ಹೆಂಗಸರು ಹೇಳುವಂತೆ, ದೇವ್ರು ನಿನ್ನ ಉಬ್ಬಿಸ್ಲಿ, ದೇವ್ರು ನಿನ್ನ ಹೆಚ್ಚಿಸ್ಲಿ, ಎಂದು ಕಾದಳು, ಕಾದೇ ಇದ್ದಳು. ಆಮೆನ್, ಎಂದೆ. ಬಾಗ್ಲು ತೆಗೆದಿಟ್ಕೊಂಡು ನಾದು ಇನ್ಮೇಲೆ, ಮುಚ್ಚಿದ ಬಾಗ್ಲಿಗೆ ಕಣ್ಣು ಜಾಸ್ತಿ — ಇದು ಕಾಯುವ ಮಾತೇ, ಹೆದರಿಸುವ ಮಾತೇ, ಹೊಸಿಲು ದಾಟಿದಳು, ಎಡಕ್ಕೆ ಅವಳ ಮನೆ, ಬಲಕ್ಕೆ ಪಾದ್ರಿಯ ಮನೆ, ಹೆಜ್ಜೆ ಕೇಳಬೇಕು, ಹೆಜ್ಜೆ ಎತ್ತ — ಕೇಳಿಸುತ್ತಿಲ್ಲ, ನಿಂತಳೇ, ಅಂಗಳದಲ್ಲಿ ನಿಂತಿದ್ದಾಳೆಯೇ — ಹಿಟ್ಟು ಉಸಿರೆಳೆಯುತ್ತಿದೆ, ಅವಳು ಕೊರೆದ ಗೆರೆ ಅಗಲವಾಗುತ್ತಿದೆ, ಶಿಲುಬೆ ಬಾಯಿ ಬಿಡುತ್ತಿದೆ, ಬಾಯಿ ಬಿಡುತ್ತಿದೆ