ನೀಲಿ ದಾರದ ಗೂಡು

ಕಮಲಾಪುರದ ಹೊರಗೆ, ಕೆರೆಯ ದಂಡೆಗೆ ಹೊಂದಿಕೊಂಡು ಜಯದೇವಿ ಮತ್ತು ಅವಳ ಗಂಡ ಶಿವಲಿಂಗನ ಕೆಂಬಾಳೆ ತೋಟವಿದೆ. ಗೊನೆ ಭಾರವಾದಾಗ ಗಿಡ ಬೀಳದಂತೆ ಗೂಟಕ್ಕೆ ಬಿಗಿದು ಕಟ್ಟಬೇಕು. ಮೊದಲು ಸೆಣಬಿನ ಸುತಳಿ ಕಟ್ಟುತ್ತಿದ್ದರು. ಅದು ಮಳೆಗೆ ಕೊಳೆಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಜಯದೇವಿಯೇ ಕಲಬುರಗಿಯಿಂದ ನೀಲಿ ಪ್ಲಾಸ್ಟಿಕ್ ದಾರದ ಉಂಡೆಗಳನ್ನು ತರಿಸಿದಳು. ಗೊನೆ ಕೊಯ್ದ ಮೇಲೆ ದಾರ ಕತ್ತರಿಸಿ ಬದುವಿನ ಮೇಲೆ ಎಸೆಯುತ್ತಿದ್ದರು. ಅದು ಯಾರಿಗೂ ಬೇಡದ ವಸ್ತು ಎಂದೇ ಇಬ್ಬರೂ ತಿಳಿದಿದ್ದರು.

ದಂಡೆಯ ಜಾಲಿಮರಗಳಲ್ಲಿ ವರ್ಷವೂ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳಿಗೆ ಅದು ಬೇಕಾಯಿತು. ದೀಪಾವಳಿ ಕಳೆದ ಮೇಲೆ ಅವು ಬದುವಿಗೆ ಇಳಿದು, ಉದ್ದನೆಯ ಹಳದಿ ಕೊಕ್ಕಿನಲ್ಲಿ ದಾರ ಕಚ್ಚಿಕೊಂಡು ಹಾರಿಹೋಗುತ್ತಿದ್ದವು.

"ನೋಡ್ರಿ, ನಮ್ಮ ದಾರ ಒಯ್ದು ಮನಿ ಕಟ್ಟಾಕತ್ತಾವ," ಎಂದು ಜಯದೇವಿ ಗಂಡನಿಗೆ ತೋರಿಸಿ ನಕ್ಕಿದ್ದಳು.

ಫೆಬ್ರುವರಿಯ ಒಂದು ಬೆಳಿಗ್ಗೆ ತೋಟಕ್ಕೆ ನೀರು ಬಿಡಲು ಹೋದಾಗ ಜಯದೇವಿಗೆ ಮರದಲ್ಲಿ ಏನೋ ಬಡಿದುಕೊಳ್ಳುವುದು ಕಂಡಿತು. ಆಗತಾನೆ ರೆಕ್ಕೆ ಬಲಿಯುತ್ತಿದ್ದ ಮರಿಯೊಂದು ಗೂಡಿನಿಂದ ತಲೆಕೆಳಗಾಗಿ ಜೋತುಬಿದ್ದಿತ್ತು. ಕಾಲಿಗೆ ನೀಲಿ ದಾರ. ತಾಯಿ ಕೊಕ್ಕರೆ ಪಕ್ಕದ ಕೊಂಬೆಯಲ್ಲಿ ನಿಂತು ಸುಮ್ಮನೆ ನೋಡುತ್ತಿತ್ತು.

ಅವಳ ಕೂಗಿಗೆ ಓಡಿಬಂದ ಶಿವಲಿಂಗ ಮೇಲೆ ನೋಡಿ, "ಜಾಲಿ ಮುಳ್ಳು ಅದಾವ. ಒಂದು ಹಕ್ಕಿ ಸಲುವಾಗಿ ನಾ ಬಿದ್ದು ಸಾಯಲೇನು?" ಎಂದ.

"ನೀವು ಹತ್ತಲಿಲ್ಲಂದ್ರ ನಾನೇ ಹತ್ತತೀನಿ."

ಅವನು ಏಣಿ ತಂದ. ಗೂಡಿನ ಸಮಕ್ಕೆ ಏರಿ ಒಳಗೆ ಇಣುಕಿದ. ಆಮೇಲೆ, "ಇದರಾಗ ಕಡ್ಡಿಗಿಂತ ದಾರನೇ ಹೆಚ್ಚದ. ಇನ್ನೊಂದು ಮರಿ ಇಲ್ಲೇ ಸಿಕ್ಕಿಬಿದ್ದು ಸತ್ತು ಒಣಗ್ಯಾದ," ಎಂದ. ಕುಡಗೋಲಿನಿಂದ ದಾರ ಕೊಯ್ದು, ಜೀವವಿದ್ದ ಮರಿಯನ್ನು ಟವೆಲಿನಲ್ಲಿ ಸುತ್ತಿ ಕೆಳಗಿಳಿಸಿದ. ಅವನ ತೋಳಿನ ತುಂಬ ಮುಳ್ಳು ಗೀರಿ ರಕ್ತ ಬಂದಿತ್ತು.

ಕಲಬುರಗಿಯ ದವಾಖಾನೆಗೆ ಹೊರಟಾಗ ಬೈಕಿನ ಹಿಂದೆ ಕುಳಿತು ಜಯದೇವಿ ಮರಿಯನ್ನು ಮಡಿಲಲ್ಲಿಟ್ಟುಕೊಂಡಳು. ಮೊದಮೊದಲು ಅದು ಕೊಕ್ಕು ಕಟಕಟಿಸುತ್ತಿತ್ತು. ಮಹಾಗಾಂವ ದಾಟುವ ಹೊತ್ತಿಗೆ ಸುಮ್ಮನಾಯಿತು. ಸೀರೆಯ ಮೂಲಕ ಅದರ ಎದೆಬಡಿತ ಮಾತ್ರ ಅವಳ ಕೈಗೆ ತಾಗುತ್ತಿತ್ತು.

ಕಲಬುರಗಿಯಲ್ಲಿ ದನದ ಡಾಕ್ಟರ್ ನೀಲಕಂಠ ಚಿಮಟದಿಂದ ಒಂದೊಂದೇ ಎಳೆ ಬಿಡಿಸಿದರು. ದಾರ ಮಾಂಸದೊಳಗೆ ಇಳಿದಿತ್ತು. ಅದರ ಕೆಳಗಿನ ಪಾದವೆಲ್ಲ ಕಪ್ಪಾಗಿತ್ತು.

"ಕಾಲು ಸತ್ತದ ಅಕ್ಕಾರ. ಇದು ನೀರಾಗ ನಿಂತು ಮೀನು ಹಿಡಿಯೋ ಹಕ್ಕಿ. ಒಂದೇ ಕಾಲಿಲೆ ಬದಕೂದಿಲ್ಲ."

"ಮನ್ಯಾಗ ಇಟ್ಕೊಂಡು ನಾ ಜ್ವಾಕಿ ಮಾಡ್ತೀನ್ರಿ, ಸಾಹೇಬ್ರ."

"ಅದರಿಂದ ನಿಮಗ ಸಮಾಧಾನ ಆಗ್ತದ. ಅದರ ನೋವು ಕಡಿಮಿ ಆಗಂಗಿಲ್ಲ." ಅವರು ದಾರವನ್ನು ಟ್ರೇಯಲ್ಲಿ ಹಾಕಿದರು. "ನಾ ಕಾರವಾರದಾಗ ಇದ್ದಾಗ ಸಮುದ್ರದ ಆಮೆ ತಂದಿದ್ರು. ಅದರ ಮುಂಗಾಲಿಗೂ ಇಂಥಾದೇ ಸುತ್ತಿತ್ತು. ಆ ದಾರ ಯಾವ ಊರಿನ ಹಳ್ಳ ಹಿಡಿದು ಸಮುದ್ರಕ್ಕ ಹೋಗಿತ್ತೋ ಏನೋ. ಆ ಆಮೆನೂ ಉಳೀಲಿಲ್ಲ."

"ಈ ದಾರ ನಮ್ಮದೇ ರೀ," ಎಂದಳು ಜಯದೇವಿ. ಡಾಕ್ಟರ್ ನೋವಿಲ್ಲದೆ ಸಾಯುವ ಮದ್ದನ್ನು ಸೂಜಿಗೆ ತುಂಬಿದರು. ಅದು ಕಣ್ಣು ಮುಚ್ಚುವವರೆಗೂ ಅವಳು ಮರಿಯ ತಲೆಯನ್ನು ಹಿಡಿದುಕೊಂಡೇ ಇದ್ದಳು. ಶಿವಲಿಂಗ ಹೊರಗೆ ಹೋಗಿ ನಿಂತ.

ಉಳಿದ ಗೂಡುಗಳನ್ನು ಈಗ ಮುಟ್ಟಬೇಡಿ, ಮರ ಹತ್ತಿದರೆ ಮರಿಗಳು ಹೆದರಿ ಕೆಳಗೆ ಜಿಗಿದು ಬೀಳುತ್ತವೆ ಎಂದು ಡಾಕ್ಟರ್ ಹೇಳಿ ಕಳಿಸಿದ್ದರು. ಹಾಗಾಗಿ ಗಂಡ ಹೆಂಡತಿ ಬದುವಿನ ದಾರವನ್ನಷ್ಟೇ ಆರಿಸಿದರು. ಮೂರು ದಿನ ಬೇಕಾಯಿತು. ಆಮೇಲೆ ದಿನವೂ ಬೆಳಿಗ್ಗೆ ಜಯದೇವಿ ಮರಗಳ ಕೆಳಗೆ ಹೋಗಿ ಕತ್ತೆತ್ತಿ ನಿಲ್ಲುತ್ತಿದ್ದಳು. ಹೋಳಿ ಹಬ್ಬ ಬರುವಷ್ಟರಲ್ಲಿ ಇನ್ನೂ ನಾಲ್ಕು ಮರಿಗಳು ಜೋತುಬಿದ್ದವು. ಎರಡು ಮಾತ್ರ ಏಣಿಗೆ ಎಟುಕಿದವು; ಅಷ್ಟರಲ್ಲಿ ಅವೂ ಸತ್ತಿದ್ದವು. ಉಳಿದೆರಡು ಬಿಸಿಲಿಗೆ ಒಣಗುತ್ತ ಅಲ್ಲೇ ತೂಗಾಡಿದವು.

ಬದುಕಿದ ಮರಿಗಳು ಹಾರಿಹೋದ ಮೇಲೆ ಶಿವಲಿಂಗ ಕೈಗೆಟುಕಿದ ಗೂಡುಗಳ ದಾರವನ್ನೆಲ್ಲ ಎಳೆದು ತೆಗೆದ. ಜಯದೇವಿ ತೋಟಕ್ಕೆ ಮತ್ತೆ ಸೆಣಬಿನ ಸುತಳಿ ತರಿಸಿದಳು.

ಜೂನಿನ ಮೊದಲ ಮಳೆಗಾಳಿಗೆ ಸುತಳಿ ಹರಿದು ಏಳು ಗಿಡಗಳು ಗೊನೆಸಮೇತ ಮುರಿದು ಬಿದ್ದವು. ಶಿವಲಿಂಗ ಕೆಸರಿನಲ್ಲಿ ನಿಂತು ಅವನ್ನೇ ನೋಡಿದ.

"ಈಗ ಏನಂತಿ?"

"ಸುತಳೀನೇ ಕಟ್ಟೋಣ್ರಿ. ಇನ್ನೆರಡು ಸುತ್ತು ಹೆಚ್ಚಿಗಿ."

"ಮತ್ತ ಹರಿದ್ರ?"

"ಹರೀಲಿ. ಗೊನಿ ಬಿದ್ರ ನೋಡ್ತೀನಿ. ಮರಿ ಜೋತಾಡೂದನ್ನ ಮತ್ತ ನೋಡಾಕ ನನ್ನ ಕಡಿಂದ ಆಗೂದಿಲ್ಲ."

ಶಿವಲಿಂಗ ಬಗ್ಗಿ, ಮುರಿದ ಗಿಡವೊಂದನ್ನು ದಾರಿಯಿಂದ ಪಕ್ಕಕ್ಕೆ ಎಳೆಯತೊಡಗಿದ. ಇನ್ನೊಂದು ತುದಿಯನ್ನು ಜಯದೇವಿ ಹಿಡಿದಳು.