ಎರಡನೆಯ ಕೊಳವೆ

ನಾನು ದೇವರನ್ನು ನಂಬುವವಳಲ್ಲ. ಒಂದು ಪುಟ್ಟ ಬಾಟಲಿಯನ್ನು ನಂಬಿದ್ದೆ. ಕಿರುಬೆರಳಿನ ತುದಿಯಷ್ಟಿರುವ ಅದರಲ್ಲಿ ಮೊಲದ ರಕ್ತದಿಂದ ತೆಗೆದ ಪ್ರತಿಕಾಯ ಇರುತ್ತದೆ. ಹೊಟ್ಟೆ ಖಾಲಿಯಾದಾಗ ನಮ್ಮ ಜಠರ ಗ್ರೆಲಿನ್ ಎಂಬ ಹಸಿವಿನ ಹಾರ್ಮೋನನ್ನು ರಕ್ತಕ್ಕೆ ಬಿಡುತ್ತದೆ, ಉಂಡ ಮೇಲೆ ಅದು ಇಳಿಯುತ್ತದೆ. ಈ ಪ್ರತಿಕಾಯ ಅದನ್ನೊಂದನ್ನೇ ಹುಡುಕಿ ಹಿಡಿಯುತ್ತದೆ. ಹಾರ್ಮೋನು ಹೆಚ್ಚಿದ್ದಷ್ಟೂ ಪರೀಕ್ಷೆಯ ತಟ್ಟೆಯಲ್ಲಿ ಹಳದಿ ಬಣ್ಣ ಗಾಢವಾಗುತ್ತದೆ. ರಾಯಚೂರಿನ ನಮ್ಮ ಲ್ಯಾಬಿನಲ್ಲಿ ನನ್ನ ಪಿಎಚ್‌ಡಿ ಎಂದರೆ ಇಷ್ಟೇ: ಜಾಲಹಳ್ಳಿಯಲ್ಲಿ ಹತ್ತಿ ಬಿಡಿಸುವ ಹೆಂಗಸರ ಹಸಿವನ್ನು ಅಳೆಯುವುದು.

ಊಟಕ್ಕೆ ಮೊದಲು ಒಂದು ಕೊಳವೆ ರಕ್ತ, ಉಂಡು ಒಂದು ಗಂಟೆಗೆ ಇನ್ನೊಂದು. ದೇವದುರ್ಗದಲ್ಲಿ ಬಸ್ಸು ಬದಲಿಸಿ ಹೋಗಿ, ಅವರೆದುರು ಕೂತು, ರೊಟ್ಟಿ ಪುಂಡಿಪಲ್ಯ ಕೊನೆಯ ತುತ್ತಿನ ತನಕ ಇಳಿಯುವುದನ್ನು ನೋಡುತ್ತಿದ್ದೆ. ಯಮನಮ್ಮ ಎಂಬಾಕೆ ನಾಚಿಕೊಂಡು ಬೆನ್ನು ತಿರುಗಿಸಿದರೆ ನಾನು ಸುತ್ತಿಹೋಗಿ ಮತ್ತೆ ಎದುರಿಗೇ ಕೂರುತ್ತಿದ್ದೆ. ನಿಯಮ ಅಂದರೆ ನಿಯಮ.

ನನ್ನವ್ವ ಮಾನಮ್ಮ ಮಾನ್ವಿಯಲ್ಲಿ ಖಾನಾವಳಿಯೊಂದಕ್ಕೆ ರೊಟ್ಟಿ ಬಡಿಯುತ್ತಾಳೆ. ಹೊಲದ ಕೂಲಿಗೆ ಹೋಗುತ್ತಿದ್ದ ಕಾಲದಿಂದ ದವಡೆಯಲ್ಲಿ ತಂಬಾಕು. ಅದಿದ್ದರೆ ಮಧ್ಯಾಹ್ನದ ಹಸಿವು ಸುಮ್ಮನಿರುತ್ತದಂತೆ. ನವೆಂಬರಿನಲ್ಲಿ ಹೋದಾಗ ಅವಳ ಕುಪ್ಪಸದ ತೋಳು ಜೋತುಬಿದ್ದಿತ್ತು. ಕೇಳಿದರೆ, ಹಸಿವು ಕಮ್ಮಿಯಾಗಿದೆ, ಆದರೂ ಹೊತ್ತಿಗೆ ಸರಿಯಾಗಿ ಉಣ್ಣುತ್ತೇನೆ ಎಂದಳು. ದವಾಖಾನೆಗೆ ಕರೆದರೆ ಬರಲಿಲ್ಲ. ನಾನು ಮಹಾ ಬುದ್ಧಿವಂತೆ. ಅವಳನ್ನು ಬಿಟ್ಟು ಅವಳ ರಕ್ತವನ್ನೇ ಕೇಳಿದರಾಯಿತು ಅಂದುಕೊಂಡೆ.

ಡಿಸೆಂಬರಿನಲ್ಲಿ ಐಸ್ ಡಬ್ಬಿ ಹಿಡಿದು ಮತ್ತೆ ಹೋದೆ. ಮೊದಲ ಕೊಳವೆ ತೆಗೆದೆ. ಅವ್ವ ಉಣ್ಣಲು ಅಡುಗೆಮನೆಗೆ ಹೋದಳು, ನಾನು ಹೊರಗೆ ಕೂತು ಕೊಳವೆಗೆ ಹೆಸರಿನ ಚೀಟಿ ಅಂಟಿಸಿದೆ. ಎಲ್ಲರದೂ ಆದ ಮೇಲೆ ಒಲೆಯ ಮುಂದೆ ಒಬ್ಬಳೇ ಉಣ್ಣುವುದು ಅವಳ ಪದ್ಧತಿ. ಅವಳ ಅವ್ವನದೂ ಅದೇ. ಕೈ ತೊಳೆದು ಬಂದು ಉಂಡೆ ಎಂದಳು. ಗಂಟೆಯ ನಂತರ ಎರಡನೆಯ ಕೊಳವೆ ತುಂಬಿಸಿಕೊಂಡೆ.

ಡಿಸೆಂಬರ್ ಹದಿನಾಲ್ಕರ ಮಧ್ಯಾಹ್ನ ಲ್ಯಾಬಿನ ತಟ್ಟೆಯಲ್ಲಿ ಎರಡೂ ಕಡು ಹಳದಿ ಬಂದವು. ಹಸಿವಿಲ್ಲ ಎನ್ನುವವಳ ರಕ್ತದಲ್ಲಿ ಜಾಲಹಳ್ಳಿಯ ಯಾರಿಗೂ ಇಲ್ಲದಷ್ಟು ಹಸಿವು, ಉಂಡ ಮೇಲೂ ಎಳ್ಳಷ್ಟೂ ಇಳಿದಿರಲಿಲ್ಲ. ಹಿಂದಿನ ವಾರ ಪ್ರತಿಕಾಯ ಇಡುವ ಫ್ರೀಜರಿಗೆ ಕರೆಂಟು ಹೋಗಿತ್ತು. ಇಡೀ ರಾಜ್ಯಕ್ಕೆ ಕರೆಂಟು ಕೊಡುವ ಜಿಲ್ಲೆಯಲ್ಲಿ ನಮ್ಮ ಫ್ರೀಜರಿಗೇ ಬರ. ಪ್ರತಿಕಾಯ ಕೆಟ್ಟಿದೆ ಎಂದೆ.

ನಮ್ಮ ಲ್ಯಾಬ್ ಸಹಾಯಕ ಅಬ್ದುಲ್ ವಹೀದ್ ತಟ್ಟೆಯನ್ನು ಬೆಳಕಿಗೆ ಹಿಡಿದ. ಪಕ್ಕದಲ್ಲೇ ಇದ್ದ ಯಮನಮ್ಮನ ಎರಡನೆಯದು ಸರಿಯಾಗಿ ತಿಳಿಯಾಗಿತ್ತು.

“ಆಕಿದು ಸರಿ ತೋರಿಸಿ ನಿಮ್ಮವ್ವಂದು ಹ್ಯಾಂಗ ತಪ್ಪು ತೋರಿಸ್ತದರೀ ಮೇಡಂ? ಅವರು ಉಣ್ಣೂದು ನೀವು ನೋಡೀರೇನು?”

ನನಗೆ ಸಿಟ್ಟು ಬಂತು. ನನ್ನವ್ವ ಸುಳ್ಳು ಹೇಳುವವಳಲ್ಲ ಎಂದೆ. ಬಾಟಲಿಯ ಮೇಲೆ ‘ಕೆಟ್ಟಿದೆ’ ಎಂದು ಬರೆದು ಹೊಸದಕ್ಕೆ ಹೈದರಾಬಾದಿಗೆ ಆರ್ಡರ್ ಹಾಕಿಸಿದೆ. ಅದು ಬರಲು ಏಳು ವಾರ ಹಿಡಿಯಿತು. ಅಷ್ಟೂ ದಿನ ಫೋನಿನಲ್ಲಿ ಉಂಡ್ಯಾ ಎಂದು ಕೇಳುತ್ತಿದ್ದೆ, ಉಂಡೆ ಎನ್ನುತ್ತಿದ್ದಳು.

ಅವ್ವನ ಆ ಎರಡೂ ಕೊಳವೆಗಳಿಗೆ ಹೊಸ ಪ್ರತಿಕಾಯವೂ ಅದೇ ಹಳದಿ ತೋರಿಸಿತು. ಕೈಗವಸು ಕಿತ್ತುಹಾಕಿ ಮಾನ್ವಿ ಬಸ್ಸು ಹತ್ತಿದೆ.

ಅವ್ವ ರೊಟ್ಟಿ ಬಡಿದು ಮುಗಿಸಿದ್ದಳು. ಈ ಸಲ ನಾನು ಒಲೆಯ ಮುಂದೆ, ಅವಳ ಎದುರಿಗೇ ಕೂತೆ. ಆಚೆ ಹೋಗು ಎಂದಳು. ಹೋಗಲಿಲ್ಲ. ಬಹಳ ಹೊತ್ತಿನ ಮೇಲೆ ಒಂದು ಚೂರು ರೊಟ್ಟಿ ಮುರಿದು, ಮಜ್ಜಿಗೆಯಲ್ಲಿ ನೆನೆಸಿ ಬಾಯಿಗಿಟ್ಟಳು. ಅಗಿದಳು, ಅಗಿದಳು. ಕತ್ತಿನ ನರ ಉಬ್ಬಿ ಕಣ್ಣಲ್ಲಿ ನೀರು ಬಂತು. ಕೊನೆಗೆ ತುತ್ತನ್ನು ಸೆರಗಿಗೆ ಉಗುಳಿಕೊಂಡಳು. ಒಲೆಯ ಹಿಂದಿನ ಬುಟ್ಟಿಯಲ್ಲಿ ಅವಳ ಪಾಲಿನ ರೊಟ್ಟಿಗಳು ಒಣಗಿ ಸೆಟೆದಿದ್ದವು. ಪಕ್ಕದ ಮನೆ ಸತ್ತಾರ್ ಸಾಬರ ಎಮ್ಮೆಗೆ ಹಾಕುತ್ತಿದ್ದಳಂತೆ.

“ಹಸಿವಿ ಭಾಳ ಆಗ್ತದವ್ವಾ,” ಎಂದಳು. “ಒಳಗ ಇಳಿಯಂಗಿಲ್ಲ. ನೀರು, ಮಜ್ಜಿಗಿ ಅಷ್ಟ ಇಳೀತದ.”

ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ನಿನ್ನ ಓದು ಮುಗೀಲಿ ಅಂತಿದ್ದೆ. ನಡುವ ಬಿಟ್ಟು ಬರ್ತಿ ಅಂತ ಹೇಳ್ಲಿಲ್ಲ.”

ನಾನು ಅಲ್ಲೇ ಒಲೆಯ ಮುಂದೆ ಅತ್ತೆ. ಅವಳು ಅಳಲಿಲ್ಲ.

ಮರುದಿನ ರಾಯಚೂರಿನಲ್ಲಿ ಗಂಟಲಿಗೆ ಕ್ಯಾಮೆರಾ ಇಳಿಸಿದರು; ಅದು ಅರ್ಧಕ್ಕೇ ನಿಂತಿತು. ಅನ್ನನಾಳದಲ್ಲಿ ಗಡ್ಡೆ. ಸ್ಕ್ಯಾನ್ ನೋಡಿದ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, ಲಿವರಿನಲ್ಲೂ ಕಾಣುತ್ತಿದೆ, ಇನ್ನು ಆಪರೇಷನ್ನಿನಿಂದ ಉಪಯೋಗವಿಲ್ಲ, ಹೊಟ್ಟೆಗೊಂದು ನಳಿಕೆ ಹಾಕಿ ಗಂಜಿ ಕೊಡಬಹುದು ಎಂದರು. ಎರಡು ತಿಂಗಳ ಹಿಂದೆ ಬಂದಿದ್ದರೆ ಏನಾದರೂ ಮಾಡಬಹುದಿತ್ತೇನೋ ಎಂದೂ ಹೇಳಿದರು. ಆಮೇಲೆ ಪೆನ್ನು ತೆಗೆದು, ಇವರಿಗೆ ಊಟ ಇಳಿಯುತ್ತಿಲ್ಲ ಎಂದು ಮೊದಲು ತಿಳಿದದ್ದು ಯಾವಾಗ ಎಂದು ಕೇಳಿದರು.

ಉಳಿದವರು ಇಂಥದ್ದಕ್ಕೆ ಅಂದಾಜಿನಲ್ಲಿ ಹೇಳುತ್ತಾರೆ. ನನ್ನ ಬಳಿ ತಾರೀಖು, ವೇಳೆ, ತಟ್ಟೆಯ ನಂಬರು ಎಲ್ಲ ಇತ್ತು. ಡಿಸೆಂಬರ್ ಹದಿನಾಲ್ಕು, ಮಧ್ಯಾಹ್ನ ಮೂರೂವರೆ ಎಂದೆ. ಅವರು ಬರೆದುಕೊಂಡರು.