ಮೊದಲು ತಂತಿ, ಆಮೇಲೆ ಕಣ್ಣು

ಕಣ್ಣಾಸ್ಪತ್ರೆಯ ಎರಡನೇ ಮಹಡಿಯ ಮೂಲೆಯಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ. ಬಾಗಿಲಿಗೆ ಎರಡು ಪದರ ಕಪ್ಪು ಪರದೆ, ಒಳಗೊಂದು ಮಂದ ಕೆಂಪು ದೀಪ, ಮೇಜಿನ ಮೇಲೆ ದೊಡ್ಡ ಬೋಗುಣಿಯನ್ನು ಅಡ್ಡ ನಿಲ್ಲಿಸಿದಂಥ ಒಂದು ಬಿಳಿ ಯಂತ್ರ. ಇಪ್ಪತ್ತೆರಡು ವರ್ಷದಿಂದ ಆ ಕೋಣೆಯನ್ನು ಆಳುತ್ತಿದ್ದವಳನ್ನು ಆಸ್ಪತ್ರೆಯವರೆಲ್ಲ ಕತ್ತಲಕ್ಕ ಎಂದೇ ಕರೆಯುತ್ತಿದ್ದರು. ಆಳುತ್ತಿದ್ದಳು ಅನ್ನೋದು ಬಾಯಿಮಾತಿಗೆ ಹೇಳಿದ್ದಲ್ಲ. ಪರದೆ ಒಂದು ಬೆರಳಿನಷ್ಟು ಸರಿದರೂ ದೊಡ್ಡ ಡಾಕ್ಟರಿಗೇ ಮಂಗಳಾರತಿ ಆಗುತ್ತಿತ್ತು. ಇನ್ನು ಮೊಬೈಲ್ ಹಿಡಿದು ಒಳಗೆ ಬಂದವರ ಗತಿ ಕೇಳಲೇಬೇಡಿ.

ಅವಳ ಕೆಲಸ ಇಷ್ಟು. ರೋಗಿಯನ್ನು ಅರ್ಧ ಗಂಟೆ ಕತ್ತಲಲ್ಲಿ ಕೂರಿಸಬೇಕು. ಕೆಳರೆಪ್ಪೆಯ ಅಂಚಿಗೆ ಕೂದಲಿನಷ್ಟು ಸಣ್ಣ ಬೆಳ್ಳಿನೂಲು ಇಟ್ಟು, ಕಣ್ಣಿನ ಪಕ್ಕಕ್ಕೆ ಇನ್ನೊಂದು ತಂತಿ ಅಂಟಿಸಿ, ಬೋಗುಣಿಯೊಳಗೆ ಬೆಳಕು ಮಿಂಚಿಸಬೇಕು. ಆಗ ಕಣ್ಣು ಹುಟ್ಟಿಸುವ ಚೂರೇ ಚೂರು ಕರೆಂಟು ಸ್ಕ್ರೀನಿನ ಮೇಲೆ ಗೆರೆಯಾಗಿ ಬರುತ್ತದೆ. ಒಳ್ಳೆ ಕಣ್ಣಿನ ಗೆರೆ ಮೊದಲು ಕೆಳಗೆ ಇಳಿದು ಗುಂಡಿ ಮಾಡುತ್ತದೆ, ಆಮೇಲೆ ಮೇಲೆದ್ದು ಗುಡ್ಡ ಮಾಡುತ್ತದೆ. ಗೆರೆ ಕೆಟ್ಟು ಬಂದರೆ ನೂರಕ್ಕೆ ತೊಂಬತ್ತೊಂಬತ್ತು ಸಲ ತಪ್ಪು ಕಣ್ಣಿನದಲ್ಲ: ನೂಲು ಜಾರಿರುತ್ತದೆ, ಇಲ್ಲವೇ ಎರಡು ತಂತಿ ಅದಲುಬದಲಾಗಿ ಗೆರೆ ತಲೆಕೆಳಗಾಗಿರುತ್ತದೆ. 'ಮೊದಲು ತಂತಿ, ಆಮೇಲೆ ಕಣ್ಣು' ಅಂತ ಕೆಲಸ ಕಲಿಯಲು ಬಂದವರಿಗೆಲ್ಲ ಅವಳು ಬಾಯಿಪಾಠ ಮಾಡಿಸಿದ್ದಳು. ಕೊನೆಗೆ ಆ ಪಾಠ ಅವಳ ಕುತ್ತಿಗೆಗೇ ಬಂತು.

ಅವಳಿಗೊಬ್ಬ ತಮ್ಮ, ಬಸ್ ಡ್ರೈವರ್. ಮನೆಯಲ್ಲಿ ಅವನನ್ನು ಕರೆಯುತ್ತಿದ್ದದ್ದು ಪುಕ್ಕಲ ಅಂತ. ಹೆಸರಿಟ್ಟವಳು ಈ ಅಕ್ಕನೇ, ಅವನಿಗಾಗ ಐದು ವರ್ಷ. ಹೊತ್ತು ಮುಳುಗಿದರೆ ಸಾಕು, ಅವಳ ಬಟ್ಟೆಯ ಅಂಚು ಹಿಡಿದವನು ಬಿಡುತ್ತಿರಲಿಲ್ಲ. ಪಕ್ಕದ ಕೋಣೆಗೆ ಹೋಗಿ ಬಾ ಅಂದರೂ ಮುಖ ಬಿಳಿಚಿಕೊಳ್ಳುತ್ತಿತ್ತು. ಅಪ್ಪ ಬೈದರು, ಅಮ್ಮ ಮುದ್ದು ಮಾಡಿ ನೋಡಿದರು. ಇವಳಂತೂ ಧೈರ್ಯ ಬರಲಿ ಅಂತ ಒಂದು ಸಂಜೆ ಅವನನ್ನು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಬಿಟ್ಟು ಓಡಿಬಂದಿದ್ದಳು. ಸುಮಾರು ಹೊತ್ತಾದ ಮೇಲೆ ಹೋಗಿ ನೋಡಿದರೆ ಅವನು ಅತ್ತಿರಲಿಲ್ಲ, ಕದಲಿರಲೂ ಇಲ್ಲ. ಎರಡೂ ಅಂಗೈ ಗೋಡೆಗೆ ಒತ್ತಿಕೊಂಡು ನಿಂತಿದ್ದ. ಅದನ್ನು ಹೇಳಿಕೊಂಡು ಮನೆಮಂದಿ ನಲವತ್ತು ವರ್ಷ ನಕ್ಕರು.

ಡ್ರೈವರಾದ ಮೇಲೂ ಹತ್ತೊಂಬತ್ತು ವರ್ಷ ಅವನು ಹಗಲು ಪಾಳಿಯಲ್ಲೇ ಕಾಲ ಹಾಕಿದ. ಸಂಜೆ ಪಾಳಿ ಬಿದ್ದಾಗೆಲ್ಲ ಜೊತೆಗಾರನೊಬ್ಬ ಬದಲಾಯಿಸಿಕೊಳ್ಳುತ್ತಿದ್ದ. ಆ ಪುಣ್ಯಾತ್ಮ ನಿವೃತ್ತನಾದ. ಹೊಸ ಮ್ಯಾನೇಜರ್ ಸಂಜೆ ಏಳರ ಬಸ್ಸಿಗೆ ಇವನನ್ನು ಹಾಕಿದ. ಕತ್ತಲಾದರೆ ನನಗೆ ಕಾಣಿಸಲ್ಲ ಅಂತ ಇವನು ಅಂದಾಗ ಮ್ಯಾನೇಜರ್ ನಕ್ಕು, ಇಷ್ಟು ವರ್ಷ ಕಂಡಿದ್ದು ಈಗೇನಾಯಿತು, ಪರೀಕ್ಷೆ ಮಾಡಿಸಿಕೊಂಡು ಬಾ, ಕಣ್ಣು ಸರಿ ಇದ್ದರೆ ಬಸ್ಸು ಹತ್ತು, ಇಲ್ಲ ಮನೆಗೆ ನಡಿ ಅಂದ. ಕಣ್ಣಾಸ್ಪತ್ರೆಯ ದೊಡ್ಡ ಡಾಕ್ಟರು ಕಣ್ಣೊಳಗೆ ಬೆಳಕು ಬಿಟ್ಟು ನೋಡಿದರು. ಎಲ್ಲ ಅಚ್ಚುಕಟ್ಟಾಗಿತ್ತು. ಯಾವುದಕ್ಕೂ ಕತ್ತಲೆ ಕೋಣೆಯಲ್ಲಿ ಒಂದು ಸಲ ನೋಡಿಬಿಡಲಿ ಅಂತ ಚೀಟಿ ಬರೆದರು.

ಅದು ಸೋಮವಾರ. ಹೊರಗೆ ಬೆಂಚಿನ ತುಂಬ ಜನ. ತಮ್ಮನ ಕಣ್ಣಿಗೆ ಮಂದ ಬೆಳಕು ಮಿಂಚಿಸಿದಳು, ಗೆರೆ ಮಲಗಿಕೊಂಡೇ ಇತ್ತು. ನೂಲು ಜಾರಿರಬೇಕು ಅಂದುಕೊಂಡಳು. ಜೋರು ಬೆಳಕು ಹಾಕಿದಳು, ದೊಡ್ಡ ಗುಂಡಿ ಬಿತ್ತು, ಗುಡ್ಡ ಏಳಲಿಲ್ಲ. ಓಹೋ, ತಂತಿ ಉಲ್ಟಾ ಆಗಿದೆ ಅಂತ ಗೆರೆ ತಿರುಗಿಸುವ ಬಟನ್ ಒತ್ತಿದಳು. ಗುಂಡಿ ಗುಡ್ಡವಾಯಿತು. 'ಸಹಜ' ಅಂತ ಬರೆದಳು. ಬೇರೆಯವರ ಕಣ್ಣಾಗಿದ್ದರೆ ನೂಲು ತೆಗೆದು ಮತ್ತೆ ಇಟ್ಟು ನೋಡುತ್ತಿದ್ದಳು, ಆ ಮಾತು ಬೇರೆ. ಪುಕ್ಕಲನ ರೋಗ ಇರೋದು ಕಣ್ಣಲ್ಲಲ್ಲ, ಎದೆಯಲ್ಲಿ ಅನ್ನೋದು ಅವಳಿಗೆ ಮೊದಲೇ ಗೊತ್ತಿತ್ತಲ್ಲ!

ಗುರುವಾರ ಮಧ್ಯಾಹ್ನ ತಮ್ಮ ರಿಪೋರ್ಟಿನ ಇನ್ನೊಂದು ಪ್ರತಿ ಬೇಕು ಅಂತ ಬಂದ. ಮುಖದಲ್ಲಿ ಬೇಸರವೂ ಇರಲಿಲ್ಲ, ಅದೇ ಅವಳಿಗೆ ವಿಚಿತ್ರ ಅನ್ನಿಸಿತು.

"ನಾಳೆಯಿಂದ ಸಂಜೆ ಬಸ್ಸು ಒಪ್ಕೊಂಡೆ ಅಕ್ಕಾ," ಅಂದ. "ಕಣ್ಣು ಸರಿಯಿದೆ ಅಂತ ನೀನೇ ಬರ್ದಿದ್ದೀಯಲ್ಲ. ಹಾಗಾದ್ರೆ ಇಷ್ಟು ದಿನ ಭಯಾನೇ ಇರ್ಬೇಕು. ಓಡಿಸ್ತಾ ಓಡಿಸ್ತಾ ಹೋಗತ್ತೆ ಬಿಡು."

ಸದ್ಯ, ಈಗಲಾದರೂ ಬುದ್ಧಿ ಬಂತಲ್ಲ ಅಂದುಕೊಂಡು ಅವಳು ಜೆರಾಕ್ಸ್ ಯಂತ್ರದ ಹತ್ತಿರ ಹೋದಳು. ಹಾಳೆಯನ್ನು ಗಾಜಿನ ಮೇಲೆ ಇಡಬೇಕು, ಅಷ್ಟರಲ್ಲಿ ಗುಡ್ಡದ ಕಡೆ ಕಣ್ಣು ಹೋಯಿತು. ಆ ಗುಡ್ಡದ ಮುಂದೆ ಗುಂಡಿಯೇ ಇರಲಿಲ್ಲ. ಅಷ್ಟೇ ಅಲ್ಲ, ಅದು ಬರಬೇಕಾದ ಹೊತ್ತಿಗಿಂತ ತೀರಾ ಮೊದಲೇ ಬಂದಿತ್ತು. ಗುಡ್ಡ ಬರುವ ಜಾಗವಲ್ಲ ಅದು, ಗುಂಡಿ ಬರುವ ಜಾಗ. ಅಂದರೆ ಸೋಮವಾರ ತಂತಿ ನೆಟ್ಟಗೇ ಇತ್ತು. ತಲೆಕೆಳಗು ಮಾಡಿದವಳು ಇವಳು. ನಾಳೆ ಸಂಜೆ ಏಳಕ್ಕೆ ಕಣ್ಣು ಕಾಣದವನೊಬ್ಬ, ಇವಳ ಸಹಿ ನಂಬಿಕೊಂಡು, ಐವತ್ತು ಜನರನ್ನು ಕೂರಿಸಿಕೊಂಡು ಹೊರಡುತ್ತಾನೆ.

ತಮ್ಮನಿಗೆ ಎಲ್ಲೂ ಹೋಗಬೇಡ, ಇಲ್ಲೇ ಕೂತಿರು ಅಂತ ಹೇಳಿ ನೇರ ದೊಡ್ಡ ಡಾಕ್ಟರ ಕೋಣೆಗೆ ನುಗ್ಗಿದಳು. ನನ್ನ ರಿಪೋರ್ಟ್ ತಪ್ಪು, ಈಗಲೇ ಮತ್ತೆ ಪರೀಕ್ಷೆ ಆಗಬೇಕು ಅಂದಳು. ಡಾಕ್ಟರು ಕೆಟ್ಟವರಲ್ಲ, ಆದರೆ ಅವರ ಮಾತಿನಲ್ಲೂ ನ್ಯಾಯವಿತ್ತು. ಸ್ವಂತ ತಮ್ಮನ ಪರೀಕ್ಷೆಯನ್ನು ನೀವು ಮಾಡಿದ್ದೇ ತಪ್ಪು, ಈಗ ತಮ್ಮ ಬಂದ ಮೇಲೆ ರಿಪೋರ್ಟ್ ಬದಲಾಯಿತು ಅಂದರೆ ಯಾರು ನಂಬುತ್ತಾರೆ, ಆ ಮ್ಯಾನೇಜರ್ ಇಬ್ಬರನ್ನೂ ಸುಳ್ಳರು ಅನ್ನುವುದಿಲ್ಲವೇ ಅಂತ ಕೇಳಿದರು. ಸೋಮವಾರ ನೋಡೋಣ ಅಂದರು.

ಸೋಮವಾರದ ಮಾತೇ ಬೇಡ ಅಂತ ಅವಳು ಬಾಗಿಲಿಗೆ ಅಡ್ಡ ನಿಂತುಬಿಟ್ಟಳು. ಹಟ ಹಿಡಿದರೆ ಅವಳು ಬಿಡುವವಳಲ್ಲ ಅಂತ ಡಾಕ್ಟರಿಗೂ ಗೊತ್ತು. ನಾನು ತಂತಿ ಮುಟ್ಟುವುದಿಲ್ಲ, ಕೆಳಮಹಡಿಯ ಟೆಕ್ನಿಷಿಯನ್ ಮಾಡಲಿ, ನೀವೇ ಎದುರಿಗೆ ನಿಂತುಕೊಳ್ಳಿ ಅಂದಳು. ಕೆಳಮಹಡಿಯವನಿಗೂ ಇವಳಿಗೂ ಎಣ್ಣೆ-ಸೀಗೆಕಾಯಿ ಅನ್ನೋದು ಇಡೀ ಆಸ್ಪತ್ರೆಗೆ ತಿಳಿದದ್ದೇ.

"ನನ್ನ ತಪ್ಪು ಹಿಡಿಯೋಕೆ ಅವನಷ್ಟು ಕಾಯ್ತಿರೋರು ಇನ್ನೊಬ್ಬರಿಲ್ಲ ಸರ್. ಅವನೇ ಸರಿ. ಮೊದಲು ನನ್ನ ಕಣ್ಣಿಗೆ ಹಾಕ್ಲಿ, ಆಮೇಲೆ ಯಂತ್ರದ ಕಡೆ ಒಂದೂ ಪ್ಲಗ್ ಕದಲಿಸದೆ ತಮ್ಮನಿಗೆ ಹಾಕ್ಲಿ. ನನ್ನ ಗೆರೆ ಸರಿಯಾಗಿ ಬಂದ್ರೆ ತಂತಿ ಸರಿ ಇದೆ ಅಂತ ಆಯ್ತಲ್ಲ."

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. ಆಯಿತು ಅಂದರು.

ಕಣ್ಣಿಗೆ ಮದ್ದಿನ ಹನಿ ಹಾಕಿಸಿಕೊಂಡು ಅಕ್ಕ ತಮ್ಮ ಇಬ್ಬರೂ ಕತ್ತಲೆ ಕೋಣೆಯಲ್ಲಿ ಅಕ್ಕಪಕ್ಕ ಕೂತರು. ಇಪ್ಪತ್ತೆರಡು ವರ್ಷದಲ್ಲಿ ರೋಗಿಯ ಕುರ್ಚಿಯಲ್ಲಿ ಅವಳು ಕೂತದ್ದು ಅದೇ ಮೊದಲು. ಕೆಂಪು ದೀಪವನ್ನೂ ಆರಿಸಿದ್ದರು. ಕಣ್ಣೊಳಗೆ ಏನಾಗತ್ತೆ, ಹೇಳೇ ಅಂತ ತಮ್ಮ ಕೇಳಿದ. ಅವಳು ಹೇಳಿದಳು. ಕಣ್ಣಿನ ಹಿಂದಿನ ಗೋಡೆಯಲ್ಲಿ ಬೆಳಕು ಹಿಡಿಯುವ ಜೀವಕೋಶಗಳಿವೆ. ಮಂದ ಬೆಳಕಿಗೆ ಕಡ್ಡಿಯಂಥವು, ಹಗಲಿಗೂ ಬಣ್ಣಕ್ಕೂ ಬೇರೆಯವು. ಕತ್ತಲಲ್ಲಿ ಈ ಕಡ್ಡಿಗಳ ಸಣ್ಣ ಸಣ್ಣ ಬಾಗಿಲುಗಳು ತೆರೆದೇ ಇರುತ್ತವೆ, ಒಳಗೆ ಕರೆಂಟು ಹರಿಯುತ್ತಲೇ ಇರುತ್ತದೆ, ಅವು ಪಕ್ಕದ ಸಾಲಿನ ಕೋಶಗಳ ಜೊತೆ ಒಂದೇ ಸಮನೆ ವಟವಟ ಅನ್ನುತ್ತಿರುತ್ತವೆ. ಬೆಳಕಿನ ಒಂದು ಕಣ ಬಿದ್ದರೆ ಸಾಕು, ಒಳಗೆ ಬಾಗಿ ಕೂತ ಒಂದು ಚೂರು ನೆಟ್ಟಗಾಗುತ್ತದೆ. ಅದು ಇನ್ನೊಂದನ್ನು ಎಬ್ಬಿಸಿ, ಇನ್ನೊಂದು ಮತ್ತೊಂದನ್ನು ಎಬ್ಬಿಸಿ, ಬಾಗಿಲುಗಳು ಮುಚ್ಚಿಕೊಳ್ಳುತ್ತವೆ. ಮಾತು ನಿಲ್ಲುತ್ತದೆ.

ತಮ್ಮನಿಗೆ ನಗು ಬಂತು. ಬೆಳಕು ಕಂಡರೆ ಮಾತಾಡಬೇಕು, ಇದೇನು ಬಾಯಿ ಮುಚ್ಚಿಕೊಳ್ಳುವುದು ಅಂದ.

ಆ ಮೌನವೇ ಸುದ್ದಿ ಕಣೋ ಅಂದಳು ಅವಳು. ಕಡ್ಡಿಗಳು ಸುಮ್ಮನಾದಾಗ ಗೆರೆಯಲ್ಲಿ ಗುಂಡಿ ಬೀಳುತ್ತದೆ. ಅವು ಸುಮ್ಮನಾದದ್ದನ್ನು ಪಕ್ಕದ ಸಾಲು ಗಮನಿಸಿ ಎದ್ದಾಗ ಗುಡ್ಡ ಏಳುತ್ತದೆ. ನಿನ್ನ ಕಣ್ಣಲ್ಲಿ ಕಡ್ಡಿಗಳು ಬೆಳಕನ್ನು ಚೆನ್ನಾಗೇ ಹಿಡಿಯುತ್ತಿವೆ ಅಂತ ಕಾಣುತ್ತದೆ, ಪಕ್ಕದ ಸಾಲಿಗೆ ಮಾತ್ರ ಅದು ಮುಟ್ಟುತ್ತಿಲ್ಲ. ಹುಟ್ಟಿನಿಂದಲೇ ಹಾಗಿರಬೇಕು. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ ಅಂದಳು.

"ನಮ್ಮ ಮನೆ ಥರಾನೇ ಅನ್ನು," ಅಂದ ತಮ್ಮ. ಕುಹಕ ಇರಲಿಲ್ಲ ಅದರಲ್ಲಿ, ತಮಾಷೆಗೆ ಅಂದದ್ದು.

ಅವಳು ಕೇಳಿದಳು: "ಮೆಟ್ಟಿಲ ಕೆಳಗೆ ಬಿಟ್ಟು ಬಂದಿದ್ನಲ್ಲ, ಆಗ ನಿಂಗೆ ಏನು ಕಾಣ್ತಿತ್ತು?"

"ಏನೂ ಇಲ್ಲ. ಈಗ ಹೇಗಿದೆಯೋ ಹಾಗೇ."

"ಮತ್ತೆ ಕೂಗ್ಲೇ ಇಲ್ವಲ್ಲೋ?"

"ನೀನು ಬರ್ತೀಯ ಅಂತ ಗೊತ್ತಿತ್ತಲ್ಲ. ಅದಕ್ಕೇ ನಿಂತಿದ್ದೆ."

ಕಣ್ಣೀರು ಬಂದರೆ ಪರೀಕ್ಷೆ ಕೆಡುತ್ತದೆ ಅಂತ ಹಲ್ಲು ಕಚ್ಚಿ ಕೂತಳು.

ಅರ್ಧ ಗಂಟೆಗೆ ಸರಿಯಾಗಿ ಕೆಳಮಹಡಿಯವನು ಬಂದ, ಹಿಂದೆಯೇ ಡಾಕ್ಟರು. ಅವಳ ರೆಪ್ಪೆಗೆ ನೂಲು ಇಟ್ಟಾಗ ಅವನ ಕೈ ಅವಳು ಅಂದುಕೊಂಡದ್ದಕ್ಕಿಂತ ಮೆದುವಾಗಿತ್ತು. ಬೋಗುಣಿಯೊಳಗೆ ಬೆಳಕು ಮಿಂಚಿತು. ಗುಂಡಿ, ಆಮೇಲೆ ಗುಡ್ಡ. ಡಾಕ್ಟರು ಹೂಂ ಅಂದರು. ಕೆಳಮಹಡಿಯವನು ಅದೇ ತಂತಿಗಳಿಗೆ ಹೊಸ ನೂಲು ಸಿಕ್ಕಿಸಿ ತಮ್ಮನಿಗೆ ಇಟ್ಟ. ಅವಳು ಎರಡೂ ಕೈಯನ್ನು ಕೋಟಿನ ಜೇಬಿಗೆ ಹಾಕಿಕೊಂಡು ಗೋಡೆಗೆ ಒರಗಿ ನಿಂತಳು. ಮಂದ ಬೆಳಕಿಗೆ ಗೆರೆ ಅಲ್ಲಾಡಲಿಲ್ಲ. ಜೋರು ಬೆಳಕಿಗೆ ಗೆರೆ ಇಳಿಯಿತು, ಇಳಿದು ಆಳವಾದ ಗುಂಡಿಯಾಯಿತು. ಮೇಲೆ ಏಳಲೇ ಇಲ್ಲ. ಕೆಳಮಹಡಿಯವನು ಮತ್ತೊಮ್ಮೆ ಮಿಂಚಿಸಿದ, ಮಗದೊಮ್ಮೆ ಮಿಂಚಿಸಿದ. ಮೂರು ಸಲವೂ ಅದೇ ಗುಂಡಿ.

"ತಂತಿ ಸರಿ ಇದೆ," ಅಂದ ಅವನು ನಿಧಾನವಾಗಿ. ಗೆದ್ದ ಸಂತೋಷ ಅವನ ದನಿಯಲ್ಲಿ ಚೂರೂ ಇರಲಿಲ್ಲ.

ಡಾಕ್ಟರು ಅಲ್ಲೇ ನಿಂತು ಹೊಸ ರಿಪೋರ್ಟ್ ಬರೆದರು: ಹುಟ್ಟಿನಿಂದ ಬಂದ ಇರುಳುಗುರುಡು, ಮುಸ್ಸಂಜೆಯ ನಂತರ ವಾಹನ ಓಡಿಸಕೂಡದು, ಹಗಲು ಕೆಲಸಕ್ಕೆ ಅಡ್ಡಿಯಿಲ್ಲ. ಹಳೆಯ ರಿಪೋರ್ಟಿಗೆ 'ತಾಂತ್ರಿಕ ದೋಷ' ಅಂತ ಬರೆದರೆ ಸಾಕು, ಹೆಸರು ಬೇಡ ಅಂದರು. ಅವಳು ಒಪ್ಪಲಿಲ್ಲ. ಯಂತ್ರದ ಮೇಲೆ ಯಾಕೆ ಸುಮ್ಮನೆ ಗೂಬೆ ಕೂರಿಸುವುದು ಅಂತ ಪೆನ್ನು ಕಿತ್ತುಕೊಂಡಳು. 'ಗೆರೆ ಸರಿಯಾಗಿಯೇ ಬಂದಿತ್ತು. ನಾನು ನಂಬದೆ ತಿರುಗಿಸಿದೆ' ಅಂತ ಬರೆದು ಸಹಿ ಹಾಕಿದಳು. ಡಾಕ್ಟರು ಡಿಪೋಗೆ ಫೋನ್ ಮಾಡಿದರು. ಏಳರ ಬಸ್ಸಿಗೆ ಬೇರೆ ಡ್ರೈವರನ್ನು ಹಾಕುತ್ತೇನೆ, ಇವನಿಗೆ ಹಗಲು ಪಾಳಿಯೇ ಇರಲಿ ಅಂತ ಆ ಕಡೆಯಿಂದ ಒಪ್ಪಿಗೆ ಬರುವ ತನಕ ಅವಳು ಫೋನಿನ ಪಕ್ಕದಿಂದ ಅಲ್ಲಾಡಲಿಲ್ಲ.

ಅಷ್ಟು ಹೊತ್ತಿಗೆ ಹೊರಗೆ ಬೆಳಕು ಇಳಿದಿತ್ತು. ಆಸ್ಪತ್ರೆಯ ಬಾಗಿಲಲ್ಲಿ ತಮ್ಮ ನಿಂತುಬಿಟ್ಟ. ಕಂಬದ ದೀಪ ಇನ್ನೂ ಹತ್ತಿರಲಿಲ್ಲ. ಅವನ ಕೈ ತಾನಾಗಿ ಗೋಡೆ ಹುಡುಕಿತು. ನಲವತ್ತು ವರ್ಷ ಅವಳು ಇದನ್ನು ನೋಡುತ್ತಲೇ ಇದ್ದಳು. ನೋಡಿ ನಗುತ್ತಿದ್ದಳು.

ಅವಳು ಹಿಂದೆ ಬಂದು, ಗೋಡೆಯಿಂದ ಆ ಕೈ ಬಿಡಿಸಿ, ತನ್ನ ಕೋಟಿನ ಅಂಚನ್ನು ಅದಕ್ಕೆ ಕೊಟ್ಟಳು.

"ಪುಕ್ಕಲ ಅನ್ನಲ್ವಾ ಇವತ್ತು?" ಅಂದ ಅವನು.

"ಕಾಣದೇ ಇದ್ದದ್ದು ನಿಂಗಲ್ಲ ಕಣೋ, ನಂಗೆ," ಅಂದಳು. "ಮೂರು ಮೆಟ್ಟಿಲಿದೆ. ಗಟ್ಟಿಯಾಗಿ ಹಿಡ್ಕೋ."

ಅವನು ಹಿಡಿದುಕೊಂಡ. ಒಂದು, ಎರಡು, ಮೂರು ಅಂತ ಅವಳು ಜೋರಾಗಿ ಎಣಿಸುತ್ತ ಇಳಿದಳು.